ಅಜ್ಜಿಯ ಹೆಬ್ಬೆರಳು

ನನ್ನ ಮಗಳಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಗಿರಾಕಿಯ ಎದುರು ಕೂತು, ಕನ್ನಡಕ ತೊಡಿಸಿ, ಈಗ ಚೆನ್ನಾಗಿ ಕಾಣುತ್ತಿದೆಯೇ ಎಂದು ಕೇಳಬೇಕು. ಅವರಿಗೆ ಮೊಟ್ಟಮೊದಲು ಕಾಣುವುದು ಅವಳ ಕೆನ್ನೆಯ ಮೊಡವೆಗಳು. ಒಬ್ಬರಂತೂ ಖುಷಿಯಿಂದ ಎಣಿಸಿಯೇ ಬಿಟ್ಟರಂತೆ. ಆ ದಿನ ಮನೆಗೆ ಬಂದವಳು, ಮುಖ ಸರಿಹೋಗದಿದ್ದರೆ ಕೆಲಸ ಬಿಡುತ್ತೇನೆ ಎಂದು ಅತ್ತಳು. ಇಷ್ಟಪಟ್ಟು ಸೇರಿದ ಕೆಲಸ.

ಹಾಗಂತ ಮನೆಯಲ್ಲಿ ಚಿಕಿತ್ಸೆಗೇನೂ ಬರವಿರಲಿಲ್ಲ. ನನ್ನ ಅತ್ತೆ ಇದ್ದಾರಲ್ಲ. ಭಾನುವಾರ ಊಟಕ್ಕೆ ಮುಂಚೆ ಕಿಟಕಿಯ ಬೆಳಕಿನಲ್ಲಿ ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಹೆಬ್ಬೆರಳಿನಿಂದ ಮೊಡವೆ ಹಿಸುಕುವುದೆಂದರೆ ಅವರಿಗೆ ಪರಮಾನಂದ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಬೇಡವೆಂದರೆ, ನಿನ್ನ ಗಂಡನ ಮುಖ ಹಸನು ಮಾಡಿದವಳು ಯಾರು ಎಂದು ನನ್ನನ್ನೇ ಕೇಳುತ್ತಿದ್ದರು. ನನ್ನ ಗಂಡನ ಮುಖವೋ, ಅಗೆದು ಮುಚ್ಚದೆ ಬಿಟ್ಟ ರಸ್ತೆ. ಹೆತ್ತವರಿಗೆ ಹೆಗ್ಗಣ ಮುದ್ದು, ಏನು ಹೇಳುವುದು?

ಚರ್ಮದ ಡಾಕ್ಟರ ಬಳಿಗೆ ಮಗಳು, ಅತ್ತೆ, ನಾನು ಮೂವರೂ ಹೋದೆವು. ಮೆದುವಾದ ಸೋಪಿನಿಂದ ದಿನಕ್ಕೆರಡು ಸಲ ಮುಖ ತೊಳೆಯಿರಿ, ಉಜ್ಜಬೇಡಿ, ರಾತ್ರಿ ಈ ಮುಲಾಮು ತೆಳ್ಳಗೆ ಹಚ್ಚಿ, ಸಿಹಿ ಕಡಿಮೆ ಮಾಡಿ, ಸರಿಯಾಗಿ ನಿದ್ದೆ ಮಾಡಿ, ದಿಂಬಿನ ಕವರು ಆಗಾಗ ಬದಲಿಸಿ ಎಂದರು. ಕೆಲವು ತಿಂಗಳು ತಾಳ್ಮೆ ಬೇಕು ಎಂದೂ ಹೇಳಿದರು. ಆಮೇಲೆ ಕೆನ್ನೆಯ ಕಲೆಗಳನ್ನು ನೋಡಿ, "ಇದನ್ನ ಹಿಸುಕೋದು ಯಾರು?" ಎಂದರು.

"ನಾನೇ," ಎಂದು ಅತ್ತೆ ಬಹುಮಾನಕ್ಕೆ ಬಂದವರಂತೆ ಮುಂದೆ ನಿಂತರು.

ಹಾಗಾದರೆ ಮೊದಲು ಈ ಎರಡು ಕೈ ದೂರವಿಡಿ, ಮುಲಾಮು ಆಮೇಲೆ ಎಂದರು ಡಾಕ್ಟರು. ಅವರಿಗಿನ್ನೂ ಮೀಸೆಯೇ ನೆಟ್ಟಗೆ ಬಂದಿಲ್ಲ ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು.

ನಾನು ಮನೆಗೆ ಸಿಹಿ ತರುವುದನ್ನೇ ನಿಲ್ಲಿಸಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನನ್ನ ಗಂಡ ಗೊಣಗುತ್ತ, ಸಿಹಿತಿಂಡಿಯಿಲ್ಲದೆ ಬರೀ ಚಹಾ ಕುಡಿದರು. ಮಗಳು ಹಟ ಹಿಡಿದು ಎಲ್ಲ ಪಾಲಿಸಿದಳು. ನಿಧಾನವಾಗಿ ಮುಖ ತಿಳಿಯಾಯಿತು. ಗಿರಾಕಿಗಳು ಈಗ ಕನ್ನಡಕ ಹಾಕಿಕೊಂಡು ಬೆಲೆಚೀಟಿಯನ್ನೇ ಮೊದಲು ನೋಡುತ್ತಾರಂತೆ. ಕೆಲಸ ಉಳಿಯಿತು.

ಅತ್ತೆ ಮಾತ್ರ ಸಪ್ಪಗಾದರು. ಭಾನುವಾರ ಕಿಟಕಿಯ ಬಳಿ ಕೂತು ಸೀರೆಯ ಸೆರಗಿನ ಎಳೆ ಕೀಳುತ್ತಿದ್ದರು. ನನಗೆ ರೇಗಿತು. ಮೊಮ್ಮಗಳು ಚೆನ್ನಾಗಿರುವುದು ನಿಮಗೆ ಬೇಡವೇ ಎಂದು ಕೇಳಿಯೇಬಿಟ್ಟೆ.

"ಚೆನ್ನಾಗಿರ್ಲಿ ಕಣೇ," ಎಂದರು ಅತ್ತೆ. "ಆದ್ರೆ ದೊಡ್ಡವಳಾದ್ಲು. ಸುಮ್‌ಸುಮ್ನೆ ತೊಡೆ ಮೇಲೆ ಮಲ್ಕೋ ಅನ್ನೋಕಾಗತ್ತಾ? ಇನ್ನು ಅವಳ ಮುಖ ಯಾವ ನೆಪಕ್ಕೆ ಹಿಡ್ಕೊಳ್ಳಲಿ?"

ನನ್ನ ಸಿಟ್ಟು ಜರ್ರನೆ ಇಳಿಯಿತು. ಪಾಪ ಅನ್ನಿಸಿತು. ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದ ಮಗಳಿಗೆ ಎಲ್ಲವೂ ಕೇಳಿಸಿರಬೇಕು. ಕೈ ಒರೆಸಿಕೊಂಡು ಬಂದು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು.

"ಅಜ್ಜಿ, ಕಿವಿ ಹಿಂದೆ ಏನೋ ಆಗಿದೆ, ಸ್ವಲ್ಪ ನೋಡು."

ನಾನೂ ಬಗ್ಗಿ ನೋಡಿದೆ. ಅಲ್ಲಿ ಏನೂ ಇರಲಿಲ್ಲ.

"ಇದೆ, ಇದೆ," ಎಂದರು ಅತ್ತೆ, ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡು. "ಅಲ್ಲಾಡ್ಬೇಡ."