ಕಟ್ ಅಂದಮೇಲಿನ ಪದ್ಯ

“ಕಥೆ ಹೇಳೋರು ಊರ ತುಂಬ ಇದ್ದಾರೆ. ಕೇಳೋರು ಯಾರಿದ್ದಾರೆ?”

ಮೇಷ್ಟ್ರು ಇದನ್ನು ಕೇಳಿದ್ದು ಫ್ಯಾನಿಗೆ. ವಿಡಿಯೊ ನಿರ್ಮಾಣದ ಮೊದಲ ತರಗತಿ. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದ ಕೋಣೆ. ಎರಡೂ ಕೈಗಳ ಬೆರಳು ಜೋಡಿಸಿ ಚೌಕಟ್ಟು ಮಾಡಿ, ಅದರೊಳಗೆ ತಿರುಗುವ ಫ್ಯಾನನ್ನು ಕೂಡಿಸಿಕೊಂಡು ಕೇಳಿದರು. ಉತ್ತರ ಕೊಡಬಾರದ ಪ್ರಶ್ನೆಗಳೂ ಇರುತ್ತವೆ ಎಂದು ನನಗೆ ತಿಳಿದಿರಲಿಲ್ಲ. ಹಿಂದಿನ ಬೆಂಚಿನಿಂದ ಕೈ ಎತ್ತಿಬಿಟ್ಟೆ.

ಮೇಷ್ಟ್ರು ಚೌಕಟ್ಟನ್ನು ನನ್ನ ಕಡೆ ತಿರುಗಿಸಿದರು. “ಸರಿ. ಹಾಗಾದ್ರೆ ಮೈಕು ನಿನಗೆ.”

ಉಳಿದವರೆಲ್ಲ ನಿರ್ದೇಶಕರು. ನಮ್ಮ ತರಗತಿಯ ಭಾಗ್ಯ ಎಂಥದೆಂದರೆ ಒಂದು ಕ್ಯಾಮೆರಾ, ಒಂದು ಮೈಕು, ಬೆಂಚು ತುಂಬ ನಿರ್ದೇಶಕರು. ಉದ್ದನೆಯ ಕೋಲಿನ ತುದಿಗೆ ತುಪ್ಪಳದ ಟೋಪಿ ಹಾಕಿಕೊಂಡು ಕುಳಿತ ಆ ಮೈಕನ್ನು ಹಿಡಿದು ನಿಂತವರಿಗೆ ತೋಳು ನೋಯುತ್ತದೆ, ಹೆಸರು ಬರುವುದಿಲ್ಲ. ಆದ್ದರಿಂದ ಅದಕ್ಕೆ ಪೈಪೋಟಿ ಇರಲಿಲ್ಲ. ನನಗಂತೂ ಬೇಜಾರಾಗಲಿಲ್ಲ. ಹೆಡ್‌ಫೋನ್ ಹಾಕಿಕೊಂಡವಳನ್ನು ಯಾರೂ ಮಾತಾಡಿಸುವುದಿಲ್ಲ. ದೇವರು ಕೊಟ್ಟ ವರಗಳಲ್ಲಿ ಇದೂ ಒಂದು.

ಮೇಷ್ಟ್ರು ಒಂದು ಕಾಲಕ್ಕೆ ಯಾವುದೋ ಧಾರಾವಾಹಿಯಲ್ಲಿ ಕೆಲಸ ಮಾಡಿದವರು. ಏನು ಕೆಲಸ ಎಂದು ನಾವು ಕೇಳಿರಲಿಲ್ಲ, ಅವರೂ ಹೇಳಿ ನಮ್ಮ ಭಕ್ತಿ ಕೆಡಿಸಲಿಲ್ಲ. ತಲೆಯ ಮೇಲೆ ಎಷ್ಟು ಜಾಗ ಬಿಡಬೇಕು, ಬೆಳಕು ಯಾವ ಕಡೆಯಿಂದ ಬಂದರೆ ಮುಖಕ್ಕೆ ದುಃಖ ಬರುತ್ತದೆ, ಯಾವ ಕಡೆಯಿಂದ ಬಂದರೆ ಮೊಡವೆ ಕಾಣುತ್ತದೆ, ಇವನ್ನೆಲ್ಲ ಹಲಗೆಯ ಮೇಲೆ ಬರೆದು ಕಲಿಸಿದರು. ಕ್ಯಾಮೆರಾ ಮಾತ್ರ ಬೀರುವಿನಲ್ಲಿತ್ತು. ಈಜು ಕಲಿಸುವವರು ನೀರಿನ ವಿಷಯದಲ್ಲಿ ಜಾಗ್ರತೆಯಿಂದ ಇರಬೇಕಲ್ಲವೆ.

ವರ್ಷದ ನಡುವೆ ಒಂದು ಪರೀಕ್ಷೆ ಬಂತು. ತಮ್ಮ ಚಿತ್ರದ ಯೋಚನೆಯನ್ನು ಒಬ್ಬೊಬ್ಬರೂ ಎದ್ದು ನಿಂತು ಹೇಳಬೇಕು. ನನ್ನ ಸರದಿ ಬಂದಾಗ ಎದ್ದು ನಿಂತೆ. ಸ್ವಲ್ಪ ಹೊತ್ತು ನಿಂತಿದ್ದು ಕೂತೆ.

“ಚೆನ್ನಾಗಿದೆ,” ಎಂದರು ಮೇಷ್ಟ್ರು. “ಮೂಕಿ ಚಿತ್ರ. ಇದಕ್ಕೆ ಸೊನ್ನೆ. ನೋಡಮ್ಮ, ಕೊನೆಯ ಚಿತ್ರ ಚೆನ್ನಾಗಿ ಬಂದ್ರೆ ನೀನು ಪಾಸು. ಇಲ್ಲಾಂದ್ರೆ ಮುಂದಿನ ವರ್ಷವೂ ಇದೇ ಬೆಂಚು, ಇದೇ ಕೋಲು.”

ಮನೆಗೆ ಬಂದು ಅತ್ತೆಗೆ ಹೇಳಿದೆ. ಅಪ್ಪನ ಅಕ್ಕ ಆಕೆ. ಅಮ್ಮ ಹೋದಮೇಲೆ ನನ್ನನ್ನು ಸಾಕಿದವಳು. ಮನೆಯ ಮುಂದಿನ ಕೋಣೆಯೇ ಆಕೆಯ ಹೊಲಿಗೆ ಅಂಗಡಿ. ನಾನು ಬೆಳೆದದ್ದು ಆ ಮಿಷನ್ನಿನ ಕೆಳಗೆ, ಬಟ್ಟೆಯ ಚೂರುಗಳ ನಡುವೆ. ಆಕೆ ಪೆಡಲು ತುಳಿಯುವಾಗಲೆಲ್ಲ ತನ್ನ ಅಪ್ಪನಿಂದ ಕಲಿತ ಪದ್ಯಗಳನ್ನು ಹೇಳುತ್ತಿದ್ದಳು. ನನಗೆ ಅಕ್ಷರಕ್ಕಿಂತ ಮೊದಲು ಬಂದದ್ದು ಆ ನಡೆ. ಪದ್ಯ ಮುಗಿದ ಮೇಲೆ ತುಟಿಯಲ್ಲೇ ದೇವರ ಹತ್ತಿರ ಏನೋ ಮಾತಾಡುತ್ತಿದ್ದಳು. ಚಿಕ್ಕವಳಿದ್ದಾಗ ಒಮ್ಮೆ ಏನೆಂದು ಕೇಳಿದ್ದಕ್ಕೆ ಅಳತೆಯ ಟೇಪಿನಿಂದಲೇ ಬೆನ್ನಿಗೆ ಒಂದು ಬಿಗಿದಿದ್ದಳು.

“ದೇವರ ಹತ್ರ ಹೇಳಿಕೊಂಡ್ರೆ ಅದು ಬೇಡಿಕೆ. ಮೂರನೆಯವರು ಕೇಳಿಸ್ಕೊಂಡ್ರೆ ಅದೇ ಚಾಡಿ. ತಿಳೀತಾ?”

ಬೆನ್ನಿಗೆ ಚೆನ್ನಾಗಿಯೇ ತಿಳಿದಿತ್ತು.

ಈಗ ಆಕೆ ದಾರ ಕಚ್ಚಿ ಕತ್ತರಿಸಿ, “ನನ್ನದೇ ಚಿತ್ರ ತೆಗೀರಿ,” ಎಂದಳು. “ಪಾಸಾಗೋ ಹಾಗಿದ್ರೆ ಸರಿ. ನಾಲ್ಕು ಪದ್ಯ ಹೇಳಿದ್ರೆ ನನ್ನ ಗಂಟೇನು ಹೋಗುತ್ತೆ?”

ನಮ್ಮ ಗುಂಪಿನ ನಿರ್ದೇಶಕನನ್ನು ಎಲ್ಲರೂ ಒನ್‌ಮೋರ್ ಎನ್ನುತ್ತಿದ್ದರು. ಕ್ಯಾಂಟೀನಿನಲ್ಲಿ ಚಹಾ ಚೆಲ್ಲಿದರೂ ‘ಒನ್ ಮೋರ್’ ಎನ್ನುವವನು. ಕ್ಯಾಮೆರಾವನ್ನೂ ಅವನೇ ಹಿಡಿಯುತ್ತೇನೆಂದ. ತನ್ನ ಕಣ್ಣಿನಲ್ಲಿರುವ ಚಿತ್ರ ಇನ್ನೊಬ್ಬರ ಕೈಗೆ ಬರುವುದಿಲ್ಲವಂತೆ. ತಲೆಗೆ ಟೋಪಿ ತಿರುಗಿಸಿ ಹಾಕಿಕೊಂಡು ಬಂದ. ಅರ್ಧ ಕೆಲಸ ಅಲ್ಲಿಗೆ ಮುಗಿಯಿತು.

ಅಂಗಡಿಗೆ ಬಂದವನೇ ಗೋಡೆಯ ಕನ್ನಡಿಗೆ ಹಳೆಯ ಪೇಪರು ಅಂಟಿಸಿದ, ನೇತುಹಾಕಿದ್ದ ಅರೆಬರೆ ಅಂಗಿಗಳನ್ನು ಬಣ್ಣ ಹೊಂದುವಂತೆ ಬದಲಿಸಿದ, ಅತ್ತೆಯ ಕಣ್ಣಿಗೇ ದೀಪ ಹಿಡಿದ. ನನ್ನ ಮೈಕಿನ ತಂತಿಯನ್ನು ಕ್ಯಾಮೆರಾಕ್ಕೆ ಸಿಕ್ಕಿಸಿದ. ಕ್ಯಾಮೆರಾದಲ್ಲಿ ಇದ್ದದ್ದು ಒಂದೇ ಕೆಂಪು ಗುಂಡಿ: ಒಮ್ಮೆ ಒತ್ತಿದರೆ ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಸರಿಯಾಗಿದೆಯೇ ನೋಡೋಣ ಎಂದು ಒಮ್ಮೆ ಒತ್ತಿದ. ಅಷ್ಟರಲ್ಲಿ ದೀಪ ಓರೆಯಾಯಿತೆಂದು ಓಡಿದ. ಆ ಒತ್ತಿದ್ದು ಮರೆತ.

“ಅಮ್ಮಾ, ಆ ಮಿಷನ್ ನಿಲ್ಸಿ. ಸದ್ದು ಬರುತ್ತೆ.”

“ಅದು ನಿಂತ್ರೆ ಪದ್ಯಾನೂ ನಿಲ್ಲುತ್ತಪ್ಪ.”

“ಹೇಗೆ ನಿಲ್ಲುತ್ತೆ? ಬಾಯಿ ಬೇರೆ, ಕಾಲು ಬೇರೆ.”

“ನಿನಗಿರಬಹುದು.”

“ಆಕ್ಷನ್,” ಎಂದು ಗುಂಡಿ ಒತ್ತಿದ.

ಅತ್ತೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಫೋಟೊಕ್ಕೆ ಕೂತವಳ ಹಾಗೆ ಕೂತಳು. ಒಂದು ಸಾಲು ಬಂತು. ಎರಡನೆಯದು ಅರ್ಧಕ್ಕೆ ನಿಂತಿತು. ಹುಟ್ಟಿದಾಗಿನಿಂದ ಗೊತ್ತಿರುವ ಪದ್ಯವನ್ನು ಆಕೆ ಹೊಸ ವಿಳಾಸದಂತೆ ಹುಡುಕುತ್ತಿದ್ದಳು.

“ಕಟ್. ಒನ್ ಮೋರ್. ಅಮ್ಮಾ, ಕಣ್ಣಲ್ಲಿ ಸ್ವಲ್ಪ ನೀರು ಬಂದ್ರೆ ಚೆನ್ನಾಗಿರುತ್ತೆ.”

“ಯಾಕಪ್ಪ, ನಾನು ಹೊಲಿದ ಪ್ಯಾಂಟಿನ ಕೂಲಿ ಬಾಕಿ ಇಟ್ಟಿದ್ದೀಯಾ?”

ಹೀಗೇ ನಡೆಯಿತು. ಆಕ್ಷನ್ ಎಂದಾಗ ಪದ್ಯ ಹೋಗುತ್ತಿತ್ತು. ಕಟ್ ಎಂದು ಮತ್ತೆ ಗುಂಡಿ ಒತ್ತಿದ ಕೂಡಲೆ ಒನ್‌ಮೋರ್ ಕ್ಯಾಮೆರಾವನ್ನು ಕೈಯಲ್ಲಿ ಜೋತುಬಿಟ್ಟುಕೊಂಡು ಬೆಳಕನ್ನು ಬೈಯುತ್ತ ನಿಲ್ಲುತ್ತಿದ್ದ. ಆ ಬಿಡುವಿನಲ್ಲಿ ಅತ್ತೆ, ಸುಮ್ಮನೆ ಕೂತು ಹೊತ್ತು ಹಾಳು ಎಂದು, ಯಾರದೋ ಅಂಗಿಯ ತೋಳನ್ನು ಸೂಜಿಯ ಕೆಳಗೆ ತೂರಿಸಿ ಪೆಡಲು ತುಳಿಯುತ್ತಿದ್ದಳು. ಕಾಲು ಓಡಿದ ಹಾಗೆ ಪದ್ಯವೂ ತಾನಾಗಿ ಬರುತ್ತಿತ್ತು:

ಹರಿದುದನು ಹೊಲಿವವನೆ, ಹೊಲಿಗೆ ಕಾಣದ ಹಾಗೆ,
ಹರಕು ಮನವನು ತಂದೆ ನಿನ್ನ ಅಂಗಡಿಗೆ.

ಮೈಕು ಇಳಿಸು ಎಂದು ನನಗೆ ಯಾರೂ ಹೇಳಿರಲಿಲ್ಲ. ಕೋಲು ಆಕೆಯ ತಲೆಯ ಮೇಲೆಯೇ ಇತ್ತು. ಕೊನೆಯ ಬಿಡುವಿನಲ್ಲಿ ಪದ್ಯ ಮುಗಿಯಿತು, ತೋಳು ಮುಗಿಯಿತು, ಪೆಡಲು ನಿಂತಿತು. ಆಮೇಲೆ ಹೆಡ್‌ಫೋನಿನಲ್ಲಿ, ನನ್ನ ಕಿವಿಗೇ ತುಟಿ ಇಟ್ಟು ಹೇಳಿದಂತೆ, ಇಷ್ಟು ವರ್ಷ ಕೇಳಬಾರದಾಗಿದ್ದದ್ದು ಕೇಳಿಸಿತು. ಕಿವಿ ಮುಚ್ಚಿಕೊಳ್ಳಲು ಕೈ ಖಾಲಿ ಇರಲಿಲ್ಲ. ಕ್ಯಾಮೆರಾ ನಿಂತಿದೆಯಲ್ಲ, ಇದು ನನ್ನೊಳಗೇ ಉಳಿಯುತ್ತದೆ ಎಂದುಕೊಂಡೆ.

ಮರುದಿನ ಕಪ್ಪು ಬಟ್ಟೆಯ ಕೋಣೆಯಲ್ಲಿ, ಮೇಷ್ಟ್ರೂ ನಿರ್ದೇಶಕರೂ ಕೂಡಿ ನೋಡಲು ಕುಳಿತರು. ಜೋಡಿಸುವ ಕೆಲಸಕ್ಕೂ ಪೈಪೋಟಿ ಇಲ್ಲದ್ದರಿಂದ ಕಂಪ್ಯೂಟರಿನ ಮುಂದೆ ಇದ್ದವಳು ನಾನೇ. ಕ್ಯಾಮೆರಾದ ಕಾರ್ಡು ಹಾಕಿ ಓಡಿಸಿದೆ.

ಒಂದೂ ಟೇಕ್ ಇರಲಿಲ್ಲ. ಮೊದಲನೆಯದೊಂದು ಬಿಟ್ಟು ತುಣುಕುಗಳೆಲ್ಲ ‘ಕಟ್’ ಎಂದಲ್ಲಿ ಶುರುವಾಗಿ ‘ಆಕ್ಷನ್’ ಎಂದಲ್ಲಿ ಮುಗಿಯುತ್ತಿದ್ದವು. ನಿಲ್ಲಬೇಕಾದಾಗ ಓಡಿ, ಓಡಬೇಕಾದಾಗ ನಿಂತಿತ್ತು ಆ ಗುಂಡಿ. ಒನ್‌ಮೋರ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ. ಪರದೆಯ ಮೇಲೆ ಮುಖವೇ ಇಲ್ಲ. ನೆಲ, ದಾರದ ಚೂರು, ಪೆಡಲಿನ ಮೇಲೆ ಅತ್ತೆಯ ಪಾದಗಳು, ಬಿರುಕು ಬಿಟ್ಟ ಹಿಮ್ಮಡಿ. ಮೇಲೆ ಎಲ್ಲಿಂದಲೋ ಮಿಷನ್ನಿನ ನಡೆಗೆ ಸರಿಯಾಗಿ ಪದ್ಯ.

ನಿಲ್ಲಿಸಬೇಕಾದ ಜಾಗ ಬಂದದ್ದು ನನಗೆ ತಡವಾಗಿ ಹೊಳೆಯಿತು. ಪಾದಗಳು ನಿಂತವು, ಅತ್ತೆಯ ತಗ್ಗಿದ ದನಿ ಗೋಡೆಯ ಸ್ಪೀಕರುಗಳಿಂದ ಬಂತು:

“ದೇವರೇ, ಈ ಹುಡುಗಿಗೆ ಎರಡು ಕಿವಿ ಕೊಟ್ಟೆ, ಸಂತೋಷ. ಬಾಯಿ ಕೊಡೋದು ಮರೆತೆಯಾ? ತಾಯಿ ಇಲ್ಲದ ಮಗು. ನಾನೇ ಬೈದು ಬೈದು ಬೆಳೆಸಿದೆ, ಅದಕ್ಕೇ ಹಿಂಗಾದಳೇನೋ. ತಪ್ಪಿದ್ರೆ ನನ್ನ ತಲೆ ಮೇಲೆ ಹಾಕು. ಅವಳಿಗೆ ಒಂದು ಮಾತು ಕೊಡು. ಚಿಕ್ಕದಾದ್ರೂ ಸಾಕು.”

ಬೆಂಚಿನವರು ನನ್ನ ಬೆನ್ನನ್ನು ನೋಡುತ್ತಿದ್ದರೆಂದು ಬೆನ್ನಿಗೇ ತಿಳಿಯಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಮುಖ ತೋರಿಸದೆ ಇಷ್ಟು ದುಃಖ. ಎಂಥ ಧೈರ್ಯ. ಯಾರದು ಈ ಯೋಚನೆ?”

ಒನ್‌ಮೋರ್ ಟೋಪಿಯನ್ನು ಮತ್ತೆ ಹಾಕಿಕೊಂಡ. “ಮೊದಲಿಂದಲೂ ನನ್ನ ಮನಸ್ಸಲ್ಲಿ ಇದೇ ಇತ್ತು, ಸಾರ್. ಪಾದ.”

“ಕಾಲೇಜಿನ ವಾರ್ಷಿಕೋತ್ಸವಕ್ಕೆ ಇದೇ ಚಿತ್ರ,” ಎಂದರು ಮೇಷ್ಟ್ರು. “ದೊಡ್ಡ ಸಭಾಂಗಣ. ಆ ತಾಯಿಯನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ಈ ಕೊನೆಯ ಮಾತು ಬರುವಾಗ ಅವರ ಮುಖದ ಮೇಲೆ ಬೆಳಕು ಬಿಡೋಣ.”

“ಪಿಟೀಲು ಹಾಕೋಣ ಸಾರ್,” ಎಂದ ಇನ್ನೊಬ್ಬ ನಿರ್ದೇಶಕ. ಎಲ್ಲರೂ ಒಪ್ಪಿದರು. ದುಃಖಕ್ಕೆ ಪಿಟೀಲು ಬೇಡ ಎಂದವರು ಆ ಕೋಣೆಯಲ್ಲಿ ಪಾಸಾದದ್ದಿಲ್ಲ.

“ಪದ್ಯ ಇರಲಿ ಸಾರ್. ಆ ಕೊನೇದು ತೆಗೆದುಬಿಡ್ತೀನಿ,” ಎಂದೆ. ಎಂದೆ ಎಂದು ನಾನು ಅಂದುಕೊಂಡೆ. ದನಿ ತುಟಿ ದಾಟಿದ್ದು ಯಾರಿಗೂ ಕಾಣಲಿಲ್ಲ. ಪಕ್ಕದಲ್ಲಿದ್ದ ಒನ್‌ಮೋರ್ ಮಾತ್ರ ಕೇಳಿಸಿಕೊಂಡು, “ಸಾರ್, ಇವಳು ಕೊನೇದು ತೆಗೀತಾಳಂತೆ,” ಎಂದು ಅನುವಾದಿಸಿದ.

ಮೇಷ್ಟ್ರು ನಕ್ಕರು. “ಹುಚ್ಚಿ, ಆ ಕೊನೆಯದೇ ಚಿತ್ರ. ಉಳಿದದ್ದು ಬರೀ ಕಾಲು. ನೋಡಮ್ಮ, ಅದು ಇದ್ರೆ ಆ ಸೊನ್ನೆಯನ್ನೂ ಮರೆತುಬಿಡ್ತೀನಿ, ನೀನು ಪಾಸು. ಅದು ಇಲ್ದಿದ್ರೆ ಪಾಸು ಮಾಡೋಕೆ ನನ್ನ ಹತ್ರ ಏನಿದೆ ಹೇಳು? ಮುಂದಿನ ವರ್ಷ ಮತ್ತೆ ಕೋಲು ಹಿಡೀತೀಯಾ?”

ಸಭಾಂಗಣವನ್ನು ನೆನೆದೆ. ಮುಂದಿನ ಸಾಲಿನಲ್ಲಿ ಅತ್ತೆ, ಹಿಂದಿನ ಸಾಲುಗಳಲ್ಲಿ ಆಕೆ ಅಳತೆ ತೆಗೆದ ಜನ. ‘ನಾನೇ ಬೈದು ಬೈದು’ ಎಂಬುದನ್ನು ಆಕೆ ದೇವರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ, ನನಗೂ ಸಹ. ಅದನ್ನು ಪಿಟೀಲಿನ ಜೊತೆ ಕೇಳಿಸಿಕೊಂಡು ಊರೇ ಚಪ್ಪಾಳೆ ತಟ್ಟುತ್ತದೆ. ಆಕೆಯ ಮುಖದ ಮೇಲೆ ಬೆಳಕು.

ಕಂಪ್ಯೂಟರಿನಿಂದ ಕಾರ್ಡನ್ನು ಹೊರಗೆಳೆದೆ. ಉಗುರಿನಷ್ಟು ದೊಡ್ಡದು. ಮುಷ್ಟಿಯಲ್ಲಿ ಇಟ್ಟುಕೊಂಡೆ.

“ಹಾಂ, ಇಲ್ಲಿ ಕೊಡು,” ಎಂದು ಮೇಷ್ಟ್ರು ಕೈ ಚಾಚಿದರು. “ನನ್ನ ಬೀರುವಿನಲ್ಲಿ ಜೋಪಾನವಾಗಿರುತ್ತೆ. ನಿಮ್ಮನ್ನ ನಂಬೋಕಾಗಲ್ಲ. ಕೊಡಮ್ಮ.”

ಎದ್ದು ನಿಂತೆ. ಪರೀಕ್ಷೆಯ ದಿನದಂತೆಯೇ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ. ಒನ್‌ಮೋರ್ ಪಕ್ಕದವನಿಗೆ ಮೊಣಕೈ ತಿವಿದ. ಇನ್ನು ಕೂರುತ್ತಾಳೆ ಎಂದಿರಬೇಕು.

“ಕೊಡಲ್ಲ, ಸಾರ್.”

“ಏನಂದೆ?”

ಈ ಸಲ ಅನುವಾದ ಬೇಕಾಗಲಿಲ್ಲ. ಕಪ್ಪು ಬಟ್ಟೆ ಹೊಡೆದ ಕೋಣೆ, ಸದ್ದು ಎಲ್ಲಿಗೂ ಸೋರುವುದಿಲ್ಲ. ಕೊನೆಯ ಬೆಂಚಿಗೂ ಕೇಳಿಸಿತು.

“ಕೊಡಲ್ಲ.”