ಬಿಳಿಗೆರೆ ಬೀದಿಯ ಎರಡು ಸಾಲು

ಬಿಳಿಗೆರೆ ಬೀದಿಯಲ್ಲಿ ಹಿಂದೆ ಕೆರೆಯಿತ್ತು ಎಂದು ಮೊದಲು ಹೇಳಿದವರು ಇತಿಹಾಸದ ಮೇಷ್ಟ್ರು. ಹೇಳಿದ್ದು ವ್ಯಾಕರಣದ ಬಲದ ಮೇಲೆ. ಬಿಳಿ ಮತ್ತು ಕೆರೆ ಸೇರಿದರೆ ಕಕಾರ ಗಕಾರವಾಗಿ ಬಿಳಿಗೆರೆಯಾಗುತ್ತದೆ, ಇದು ಆದೇಶ ಸಂಧಿ, ಶಾಲೆಯ ಮಕ್ಕಳಿಗೂ ಗೊತ್ತು ಎಂದು ಅವರು ವಾರಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದರು. ನಗರಸಭೆ ಹಳೆಯ ಬೀದಿಗಳಿಗೆಲ್ಲ ಹೊಸ ಫಲಕ ಹಾಕಿಸುತ್ತಿತ್ತು. ಹೆಸರಿನ ಕೆಳಗೆ ಎರಡು ಸಾಲು ಇತಿಹಾಸ ಬರೆದುಕೊಡುವ ಕೆಲಸ ಮೇಷ್ಟ್ರದು. ನಿವೃತ್ತರಾದ ಮೇಲೆ ಅಡುಗೆಮನೆಯಲ್ಲಿ ಹೆಂಡತಿಯ ಕಾಲಿಗೆ ತೊಡರುತ್ತಿದ್ದ ಮನುಷ್ಯನಿಗೆ ಈ ಕೆಲಸ ಸಿಕ್ಕಿದ್ದರಿಂದ ಊರಿಗೆಷ್ಟು ಲಾಭವಾಯಿತೋ ಗೊತ್ತಿಲ್ಲ, ಅವರ ಹೆಂಡತಿಗಂತೂ ಆಯಿತು.

ಕೆರೆಯ ಸುದ್ದಿ ಅಚ್ಚಾದದ್ದೇ ತಡ, ಬೀದಿಯವರಿಗೆಲ್ಲ ಅದು ನೆನಪಾಗತೊಡಗಿತು. ಕ್ಷೌರದಂಗಡಿಯವನ ತಾತ ಅದರಲ್ಲಿ ಮೀನು ಹಿಡಿದಿದ್ದನಂತೆ. ಮೂಲೆಮನೆಯ ಅಜ್ಜಿ ಬಾತುಕೋಳಿಗಳನ್ನು ಕಣ್ಣಾರೆ ಕಂಡಿದ್ದಳಂತೆ. ನೆಲಮಾಳಿಗೆಯಲ್ಲಿ ನೀರು ಜಿನುಗುತ್ತದೆಂದು ಇಷ್ಟು ದಿನ ಪ್ಲಂಬರನಿಗೆ ಹಿಡಿಶಾಪ ಹಾಕುತ್ತಿದ್ದವರು ಈಗ ಬಂದವರನ್ನೆಲ್ಲ ಕೆಳಗೆ ಕರೆದೊಯ್ದು ಆ ತೇವವನ್ನು ಹೆಮ್ಮೆಯಿಂದ ತೋರಿಸತೊಡಗಿದರು. ಇಲ್ಲದ ಕೆರೆಗೆ ಇಷ್ಟು ಬೇಗ ದಡ ಕಟ್ಟಬಲ್ಲ ಜನ ಕಣ್ಣೆದುರೇ ಇದ್ದ ಆಟದ ಮೈದಾನವನ್ನು ಯಾಕೆ ಉಳಿಸಿಕೊಳ್ಳಲಿಲ್ಲವೋ ದೇವರೇ ಬಲ್ಲ.

ಅದೇ ಬೀದಿಯ ಟೈಲರಮ್ಮನ ಗಂಟಲಲ್ಲಿ ಮಾತ್ರ ಇದು ಇಳಿಯಲಿಲ್ಲ. ಅದು ಕೆರೆಯಲ್ಲ, ಗೆರೆ. ಅವಳ ಅಪ್ಪ ಎಳೆದ ಗೆರೆ.

ಬೀದಿಯ ತುದಿಯಲ್ಲಿ, ಈಗ ಕಾರು ನಿಲ್ಲಿಸುವ ಅಂತಸ್ತುಗಳ ಕಟ್ಟಡ ಎದ್ದಿರುವ ಕಡೆ, ಆಗ ಫುಟ್‌ಬಾಲ್ ಮೈದಾನವಿತ್ತು. ಬೀದಿಗೆ ಮೇಲೊಂದು ಚರ್ಚು, ಕೆಳಗೊಂದು ಚರ್ಚು. ಎರಡಕ್ಕೂ ತಮ್ಮ ತಮ್ಮ ಪ್ಯಾರಿಷ್ ಎಂಬ ಒಕ್ಕಲು, ತಮ್ಮ ತಮ್ಮ ತಂಡ, ತಮ್ಮ ತಮ್ಮ ಬೈಗುಳ. ಮೈದಾನ ಎರಡಕ್ಕೂ ಸೇರಿದ್ದು, ಅಂದರೆ ಯಾರಿಗೂ ಸೇರದ್ದು. ಹಾಗಾಗಿ ಹುಲ್ಲು ಕತ್ತರಿಸಿ, ಬಲೆ ಕಟ್ಟಿ, ಸುಣ್ಣದ ಗಾಡಿ ತಳ್ಳಿ ಗೆರೆ ಹಾಕುವ ಅಪ್ಪನೇ ಅದರ ನಿಜವಾದ ಒಡೆಯ. ಗೆರೆ ಹಾಕುವುದರಲ್ಲಿ ಅವನದು ಎತ್ತಿದ ಕೈ. ಮೈದಾನದ ಕೆಲಸ ಮುಗಿದ ಮೇಲೆ ಗಾಡಿಯಲ್ಲಿ ಉಳಿದ ಸುಣ್ಣದಿಂದ ಅವನು ಗೇಟಿನಿಂದ ತನ್ನ ಮನೆಯ ಹೊಸ್ತಿಲವರೆಗೆ, ಕಪ್ಪು ಡಾಂಬರಿನ ಮೇಲೆ, ಅಂಗೈಯಗಲದ ಗೆರೆಯೊಂದನ್ನು ಎಳೆಯುತ್ತಿದ್ದ. ಆಟ ನೋಡಲು ಬರುವವರಿಗೆ ದಾರಿ ತಿಳಿಯಲಿ ಎನ್ನುತ್ತಿದ್ದ. ಮಳೆ ಬಂದು ಅಳಿಸಿದರೆ ಮತ್ತೆ ಎಳೆಯುತ್ತಿದ್ದ. ಜನ ಮೊದಲು ನಕ್ಕರು, ಆಮೇಲೆ ಅದನ್ನು ತುಳಿಯದೆ ನಡೆಯುವುದು ರೂಢಿಯಾಯಿತು, ಆಮೇಲೆ ಅಂಚೆಯವನೂ ಬಿಳಿಗೆರೆ ಬೀದಿ ಎನ್ನತೊಡಗಿದ.

ಅದೇ ಮನೆಯ ಮುಂದಿನ ಕೋಣೆಯಲ್ಲೇ ಈಗ ಟೈಲರಮ್ಮನ ಹೊಲಿಗೆ ಅಂಗಡಿ. ಪ್ಯಾಂಟು ಗಿಡ್ಡ ಮಾಡುವುದು, ಝಿಪ್ಪು ಬದಲಿಸುವುದು. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುವಾಗ ಎಷ್ಟೋ ಸಲ ಅಪ್ಪನ ಬೆನ್ನು ಕಣ್ಣ ಮುಂದೆ ಬಂದು, ಅವಳು ಕೈ ನಿಲ್ಲಿಸಿ ಸುಮ್ಮನೆ ಕೂರುತ್ತಾಳೆ. ಅಮ್ಮ ಹೋದಳು, ಅಪ್ಪ ಹೋದ, ಮೈದಾನ ಹೋಯಿತು. ಉಳಿದದ್ದು ಬೀದಿಯ ಬಾಯಲ್ಲಿ ಆ ಒಂದು ಹೆಸರು. ಅದರೊಳಗೂ ನೀರು ತುಂಬಿಬಿಟ್ಟರೆ ಅಪ್ಪ ಈ ಊರಲ್ಲಿ ಬದುಕಿದ್ದನೆಂಬುದಕ್ಕೆ ಗುರುತೇ ಇರುವುದಿಲ್ಲ ಎಂದು ಅವಳಿಗೆ ಅಳುವೇ ಬಂತು.

ಅವಳು ಅಂಗಡಿಗೆ ಬಾಗಿಲು ಹಾಕಿಕೊಂಡು ಮೇಷ್ಟ್ರ ಮನೆಗೆ ಹೋದಳು. ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದಳು, ಆಗಲಿಲ್ಲ. ಸಂಧಿ ನನ್ನ ಕಾಲಿಗೇ ಸುತ್ತಿಕೊಂಡಿತಲ್ಲ ಎಂದು ಮನಸಾರೆ ನಕ್ಕರು. ಫಲಕದ ಹೆಸರು ಹೇಗೂ ಬಿಳಿಗೆರೆ ಬೀದಿ ಎಂದೇ ಇರುತ್ತದೆ, ಕೆಳಗಿನ ಎರಡು ಸಾಲು ಬದಲಿಸಿದರಾಯಿತು ಎಂದರು. ಇಷ್ಟು ಸುಲಭವೇ ಎಂದು ಅವಳು ಎದ್ದು ನಿಂತಳು. ಅಷ್ಟರಲ್ಲಿ ಮೇಷ್ಟ್ರ ಹುಬ್ಬು ಗಂಟಿಕ್ಕಿತು.

"ದಾರಿ ತೋರಿಸೋ ಗೆರೆ ನಿಮ್ಮ ಮನೆ ಹೊಸ್ತಿಲಿಗೇ ಯಾಕೆ ಬಂದು ನಿಲ್ತಿತ್ತು ಟೈಲರಮ್ಮ? ಆಟ ನೋಡೋರು ನಿಮ್ಮನೆಯಿಂದ ಹೊರಡ್ತಿರಲಿಲ್ಲವಲ್ಲ."

ಎದ್ದವಳು ಮತ್ತೆ ಕೂತಳು. ಬೇರೇನೋ ಕಾರಣವಿದೆ ಎಂದರು ಮೇಷ್ಟ್ರು, ಅವರ ಕಣ್ಣುಗಳು ಆಗಲೇ ಮಿನುಗುತ್ತಿದ್ದವು. ಸೋಮವಾರ ಫಲಕ ಬರೆಯಲು ಕೊಡುತ್ತಾರೆ, ಅಷ್ಟರೊಳಗೆ ಕಾರಣ ತಿಳಿದರೆ ಸರಿ. ಇಲ್ಲದಿದ್ದರೆ ಎರಡೂ ಪ್ಯಾರಿಷ್‌ಗಳ ಮುದುಕರನ್ನು ಒಬ್ಬೊಬ್ಬರಾಗಿ ಕೇಳಿಯಾದರೂ ಪತ್ತೆ ಹಚ್ಚುತ್ತೇನೆ, ವಾರವಾರವೂ ಅಂಕಣದಲ್ಲಿ ಬರೆಯುತ್ತೇನೆ, ಬಿಡುವ ಆಸಾಮಿಯಲ್ಲ ನಾನು ಎಂದರು. ಅದು ನಿಜ ಎಂದು ಊರಿಗೇ ಗೊತ್ತಿತ್ತು.

ಟೈಲರಮ್ಮ ನೇರ ಅಕ್ಕನ ಮನೆಗೆ ಹೋದಳು. ಅಕ್ಕ ನರ್ಸಾಗಿದ್ದವಳು, ಆಸ್ಪತ್ರೆ ಬಿಟ್ಟು ವರ್ಷಗಳಾದರೂ ಎದುರಿಗಿರುವವರ ಮೈ ಬಿಸಿಯಿದೆಯೇ ಎಂದು ನೋಡುವ ಚಾಳಿ ಬಿಟ್ಟಿರಲಿಲ್ಲ. ತಂಗಿಯ ಹಣೆ ಮುಟ್ಟಿ ನೋಡಿ, ಕೂರಿಸಿ, ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೊರದಲ್ಲಿದ್ದ ಬಟಾಣಿಯನ್ನೆಲ್ಲ ಸುಲಿದು ಮುಗಿಸಿದಳು.

"ಆ ಗೆರೆ ಆಟ ನೋಡೋರಿಗಲ್ಲ ಕಣೇ," ಎಂದಳು ಕೊನೆಗೆ. "ಅಮ್ಮನಿಗೆ."

ಟೈಲರಮ್ಮ ಹುಟ್ಟುವ ಮೊದಲೇ ಅಮ್ಮನಿಗೆ ಕಣ್ಣು ಹೋಗಿತ್ತು. ಪೂರ್ತಿಯಲ್ಲ. ಕಪ್ಪಿನ ಮೇಲೆ ಬಿಳಿಯಿದ್ದರೆ ಕಾಣುತ್ತಿತ್ತು, ಉಳಿದದ್ದೆಲ್ಲ ಮಂಜು. ಆ ಗೆರೆ ಹಿಡಿದೇ ಅವಳು ದಿನವೂ ಅಪ್ಪನಿಗೆ ಊಟ ಒಯ್ಯುತ್ತಿದ್ದಳು, ಒಗೆದ ಜೆರ್ಸಿಗಳ ಗಂಟು ಹೊರುತ್ತಿದ್ದಳು. ಎರಡೂ ತಂಡಗಳ ಬಟ್ಟೆ ಒಗೆಯುವುದು ಅವಳ ಕೆಲಸ, ಕಣ್ಣಿಲ್ಲವೆಂದು ತಿಳಿದರೆ ಅದು ಕೈಬಿಡುತ್ತಿತ್ತು. ಒಮ್ಮೆ ಮೇಲಿನ ಚರ್ಚಿನ ಹಸಿರು ಕೆಳಗಿನವರಿಗೆ, ಕೆಳಗಿನವರ ನೀಲಿ ಮೇಲಿನವರಿಗೆ ಹೋಗಿ ದೊಡ್ಡ ರಂಪವಾಗಿತ್ತು. ಹೌದು, ಬೇಕಂತಲೇ ಮಾಡಿದೆ, ಒಂದು ದಿನ ಬದಲಾಯಿಸಿಕೊಂಡು ಆಡಿದರೆ ಏನು ಗಂಟು ಹೋಗುತ್ತದೆ ಎಂದು ಅಮ್ಮ ಸೊಂಟಕ್ಕೆ ಕೈಯಿಟ್ಟು ಕೇಳಿದ್ದಳು. ಎದುರಿಗೆ ಬಂದವರನ್ನು ಮಾತಾಡಿಸದೆ ತಲೆ ತಗ್ಗಿಸಿ ನಡೆಯುವ ಅವಳಿಗೆ ಬೀದಿಯವರು ಅದಾಗಲೇ ಜಂಬದಮ್ಮ ಎಂದು ಹೆಸರಿಟ್ಟಿದ್ದರು. ಅವತ್ತಿನಿಂದ ಅದು ಗಟ್ಟಿಯಾಯಿತು.

"ಅಮ್ಮ ನನ್ನ ಹತ್ರ ಮಾತು ತಗೊಂಡಿದ್ದಳು," ಎಂದಳು ಅಕ್ಕ. "ಜಂಬದವಳು ಅನ್ನಲಿ, ಅದಕ್ಕೆ ಬೇಜಾರಿಲ್ಲ, ಪಾಪ ಅಂತ ಮಾತ್ರ ಯಾರೂ ಅನ್ನಬಾರದು ಅಂದಳು. ನೀನು ಚಿಕ್ಕವಳು, ನಿನಗೆ ಹೇಳಲಿಲ್ಲ."

ಸೂಜಿಗೆ ದಾರ ಪೋಣಿಸುವುದು ಆ ಮನೆಯಲ್ಲಿ ಟೈಲರಮ್ಮನದೇ ಕೆಲಸವಾಗಿತ್ತು. ತನ್ನ ಕೈ ಚುರುಕು ಎಂದೇ ಅಮ್ಮ ಕೊಡುತ್ತಾಳೆಂದು ಎಷ್ಟು ಬೀಗಿದ್ದಳು. ತಲೆ ಬಾಚುವ ಮೊದಲು ಅಮ್ಮ ಮುಖವನ್ನೆಲ್ಲ ಬೆರಳಲ್ಲಿ ಸವರುತ್ತಿದ್ದಳು. ಅದು ಮುದ್ದೆಂದುಕೊಂಡಿದ್ದಳು. ಮುದ್ದೂ ಇತ್ತೇನೋ, ಈಗ ಕೇಳೋಣವೆಂದರೆ ಅಮ್ಮ ಎಲ್ಲಿ? ಅಮ್ಮ ತನ್ನ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ಅವಳಿಗೆ ಆ ಬಟಾಣಿ ಸಿಪ್ಪೆಗಳ ಮುಂದೆ, ಇಷ್ಟು ವಯಸ್ಸಾದ ಮೇಲೆ, ಮೊದಲ ಸಲ ಹೊಳೆಯಿತು. ಇನ್ನೂ ಒಂದು ಹೊಳೆಯಿತು. ಅಮ್ಮ ತೀರಿಕೊಂಡ ಮೇಲೂ ಅಪ್ಪ ಆ ಗೆರೆ ನಿಲ್ಲಿಸಿರಲಿಲ್ಲ. ಮೈದಾನಕ್ಕೆ ಬೀಗ ಬೀಳುವವರೆಗೆ ಎಳೆಯುತ್ತಲೇ ಇದ್ದ, ಹೊಸ್ತಿಲು ಮುಟ್ಟಿದ ಮೇಲೆ ಗಾಡಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದ.

ಅಕ್ಕತಂಗಿಯರು ಅವತ್ತು ಕರ್ಚೀಫಿಗಾಗಿ ಕೈ ಚಾಚುತ್ತಲೇ ಊಟ ಮುಗಿಸಿದರು. ಬೇಕಾದರೆ ಮೇಷ್ಟ್ರಿಗೆ ಹೇಳು ಎಂದಳು ಅಕ್ಕ. ಮಾತು ಕೊಟ್ಟವಳು ನಾನು, ನೀನಲ್ಲ.

ಸೋಮವಾರ ಬೆಳಿಗ್ಗೆ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಕಾದು ಕೂತಿದ್ದರು. ಟೈಲರಮ್ಮ ದಾರಿಯುದ್ದಕ್ಕೂ ಎರಡು ಸಾಲು ಕಟ್ಟಿಕೊಂಡು ಬಂದಿದ್ದಳು. ಕಣ್ಣು ಕಾಣದ ಹೆಂಡತಿಗಾಗಿ ಗಂಡನೊಬ್ಬ ಎಳೆದ ಗೆರೆ. ಎಷ್ಟು ಚೆಂದದ ಸಾಲು. ಓದಿದವರೆಲ್ಲ ಫಲಕದ ಕೆಳಗೆ ನಿಂತು ತಲೆಯಾಡಿಸುತ್ತಾರೆ, ಅಪ್ಪನ ಗೆರೆ ಹಾಗೇ ಉಳಿಯುತ್ತದೆ. ಉಳಿಯುತ್ತದೆ, ನಿಜ. ತಲೆಯಾಡಿಸಿದ ಮೇಲೆ ಅವರ ಬಾಯಿಂದ ಬರುವ ಒಂದು ಮಾತು ಯಾವುದೆಂದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಕಾರಣ ಸಿಕ್ತಾ?" ಎಂದರು ಮೇಷ್ಟ್ರು.

"ಅಕ್ಕನ್ನ ಕೇಳಿದೆ ಮೇಷ್ಟ್ರೇ. ನಾನಾಗ ಮಗು, ಮೈದಾನದ ಗೆರೆ, ಬೀದಿ ಹೆಸರು ಎಲ್ಲ ಕಲಸಿಕೊಂಡಿದ್ದೀನಿ. ನೀವು ಹೇಳಿದ್ದೇ ಸರಿ. ಕೆರೆ ಇತ್ತಂತೆ."

ಮೇಷ್ಟ್ರ ಮುಖ ಒಂದು ಗಳಿಗೆ ಬಾಡಿತು. ಬೆನ್ನಟ್ಟಲು ಸಿಕ್ಕಿದ್ದ ಬೇಟೆ ತಪ್ಪಿತಲ್ಲ. ಮರುಗಳಿಗೆಯೇ ಸಂಧಿ ಗೆದ್ದದ್ದು ನೆನಪಾಗಿ ಅರಳಿತು. ನಿಮ್ಮ ಮನೆಯವರು ಯಾರಾದರೂ ಅದನ್ನು ಕಂಡಿದ್ದರೇ ಎಂದು ಕೇಳಿದರು.

"ಅಮ್ಮ ಕಂಡಿದ್ದಳು. ದಿನಾ ಅದರ ದಡ ಹಿಡಿದೇ ಅಪ್ಪನಿಗೆ ಊಟ ಒಯ್ಯೋಳು. ತಲೆ ಎತ್ತದೆ ನೀರನ್ನೇ ನೋಡ್ಕೊಂಡು ಹೋಗೋಳಂತೆ, ಅಷ್ಟು ಇಷ್ಟ ಅವಳಿಗೆ. ಅದಕ್ಕೇ ಎದುರಿಗೆ ಬಂದೋರನ್ನ ಮಾತಾಡಿಸ್ತಿರಲಿಲ್ಲ. ಜಂಬ ಏನಲ್ಲ."

ಮೇಷ್ಟ್ರು ಸರಸರನೆ ಬರೆದುಕೊಂಡರು. ಫಲಕದ ಎರಡನೆಯ ಸಾಲಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ ಎಂದರು. ಆಮೇಲೆ ತಲೆಯೆತ್ತಿ, "ಬಿಳಿ ಕೆರೆ ಅಂತಾರಲ್ಲ, ನೀರು ನಿಜವಾಗ್ಲೂ ಬೆಳ್ಳಗಿತ್ತಾ?" ಎಂದು ಕೇಳಿದರು.

ಟೈಲರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಮ್ಮನಿಗೆ ಬೆಳ್ಳಗೆ ಕಾಣ್ತಿತ್ತು," ಎಂದಳು.

ಮೇಷ್ಟ್ರು ಅದನ್ನೂ ಬರೆದುಕೊಂಡರು.