ಉಬ್ಬದ ಇಟ್ಟಿಗೆಗಳು

ಒಂದು ಊರಿನಲ್ಲಿ ದೊರೆ ಹಿತ್ತಾಳೆಯವನು, ಪ್ರಜೆಗಳೆಲ್ಲ ಮಣ್ಣಿನ ಇಟ್ಟಿಗೆಗಳು. ಸಿಂಹಾಸನದ ಸುತ್ತ ಒತ್ತೊತ್ತಾಗಿ ನಿಂತು ಅವನನ್ನು ಕಾಯುವುದು ಅವರ ಕೆಲಸ. ಒಂದು ವರ್ಷ ಬಿಸಿಲು ಎಂಥದು ಅಂತೀರಿ! ಕಾದ ಇಟ್ಟಿಗೆಗಳು ಕೂದಲೆಳೆಯಷ್ಟು ಉಬ್ಬಿದವು. ಅಷ್ಟಕ್ಕೇ ಹೆದರಿದ ದೊರೆ ಮಂತ್ರಿಯನ್ನು ಕರೆಸಿದ.

“ಹೀಗೇ ಬಿಟ್ಟರೆ ನನ್ನನ್ನೇ ಹಿಸುಕಿಬಿಡ್ತಾರೆ. ನನಗೆ ಉಬ್ಬದ ಪ್ರಜೆಗಳು ಬೇಕು,” ಎಂದ.

ಮಂತ್ರಿ ಹೊಸ ಭಟ್ಟಿ ತರಿಸಿದ. ನಾವು ಅನ್ನ ಬಿಸಿ ಮಾಡುವ ಮೈಕ್ರೋವೇವ್ ಇದೆಯಲ್ಲ, ಅದರ ದೊಡ್ಡಣ್ಣ. ಬೆಂಕಿಯಿಲ್ಲ, ಹೊಗೆಯಿಲ್ಲ, ಮೂರು ದಿನದ ಬೇಯುವಿಕೆ ಅರ್ಧ ಗಳಿಗೆಯಲ್ಲಿ ಮುಗಿಯುತ್ತಿತ್ತು. ಇಟ್ಟಿಗೆಯನ್ನು ಪುಡಿ ಮಾಡಿ, ಕಾದರೆ ಕುಗ್ಗುವ ಇನ್ನೊಂದು ಪುಡಿ ಬೆರೆಸಿ, ಮತ್ತೆ ಅಚ್ಚೊತ್ತಿ ಒಳಗಿಡುವುದು. ಒಂದು ಉಬ್ಬಿದಷ್ಟೇ ಇನ್ನೊಂದು ಕುಗ್ಗುತ್ತದೆ, ಮೈ ಇದ್ದಲ್ಲೇ ಇರುತ್ತದೆ.

ಕೆಂಚವ್ವ ಎಂಬ ಇಟ್ಟಿಗೆಗೆ ಒಬ್ಬಳೇ ಮಗಳು, ಚಿನ್ನವ್ವ. ಮೊದಲ ದಿನವೇ ಮಗಳ ಸರದಿ ಬಂತು. ಕೆಂಚವ್ವ ಭಟ್ಟಿಯ ಬಾಗಿಲಿಗೆ ಓಡಿದಳು.

“ಅಣ್ಣಾ, ಬೆಂಕಿ ಎಲ್ಲಿದೆ ಹೇಳು. ಆ ಕಡೆ ನಾನು ಅಡ್ಡ ನಿಲ್ತೀನಿ,” ಎಂದು ಭಟ್ಟಿಯವನನ್ನು ಬೇಡಿದಳು.

“ಹೊರಗೆಲ್ಲೂ ಇಲ್ಲವ್ವ. ಅವಳೊಳಗೇ ಹುಟ್ಟುತ್ತೆ,” ಎಂದ ಅವನು, ಮುಖ ತಿರುಗಿಸಿಕೊಂಡು.

ಬಾಗಿಲು ಮುಚ್ಚಿತು. ಕಾವು ಒಂದೇ ಕಡೆ ಹೆಚ್ಚಾಯಿತೋ ಏನೋ, ಚಿನ್ನವ್ವ ನಟ್ಟನಡುವೆ ಕರಗಿ ಸಿಡಿದುಹೋದಳು. ಚೂರುಗಳನ್ನು ಗುಡಿಸಿ ಮುಂದಿನವರನ್ನು ಕರೆದರು. ಮುಂದಿನವಳು ಕೆಂಚವ್ವ.

ಅವಳು ಹೊರಬಂದಾಗ ಬೆಳ್ಳಗೆ, ಗಟ್ಟಿಯಾಗಿದ್ದಳು. ಕೆಂಡದಲ್ಲಿಟ್ಟು ತಣ್ಣೀರಿಗೆ ಎಸೆದರು, ಒಂದು ಗೆರೆಯೂ ಬೀಳಲಿಲ್ಲ. ಮಗಳನ್ನು ನೆನೆದು ಅಳಲು ನೋಡಿದಳು, ದುಃಖ ಉಬ್ಬಿ ಬರಲಿಲ್ಲ. ಅದು ಅವಳಿಗೆ ಭಟ್ಟಿಗಿಂತ ಹೆಚ್ಚು ಭಯ ಹುಟ್ಟಿಸಿತು.

ದೊರೆಗೆ ಖುಷಿಯೋ ಖುಷಿ. “ಇಂಥವರನ್ನೇ ನನ್ನ ಸುತ್ತ ನಿಲ್ಲಿಸಿ. ಗಾಳಿಗೂ ಸಂದು ಬಿಡಬೇಡಿ,” ಎಂದ. ಹಾಗೇ ನಿಲ್ಲಿಸಿದರು.

ಮುಂದಿನ ಬೇಸಿಗೆ ಇನ್ನೂ ಕಡುವಾಗಿ ಬಂತು. ಇಟ್ಟಿಗೆಗಳು ಮಿಸುಕಲಿಲ್ಲ. ಉಬ್ಬಿದವನು ದೊರೆ. ಹಿತ್ತಾಳೆಯಲ್ಲವೇ ಪಾಪ, ಕಾದರೆ ಉಬ್ಬಲೇಬೇಕು! ಜಾಗ ಮಾತ್ರ ಇರಲಿಲ್ಲ. ಅವನ ಪಕ್ಕೆಗಳು ಕಿರುಗುಟ್ಟತೊಡಗಿದವು.

“ಕೆಂಚವ್ವಾ, ನಮ್ಮವ್ವಾ, ಒಂಚೂರು ಸರಿಯೇ! ಉಸಿರು ಕಟ್ತಿದೆ!”

“ಸರಿಯಬೇಕು ಅಂತಲೇ ನೋಡ್ತಿದೀನಿ, ಬುದ್ಧಿ,” ಎಂದಳು ಕೆಂಚವ್ವ, ನಡುಗಲೂ ಆಗದೆ. “ಮೈ ಮಾತು ಕೇಳ್ತಿಲ್ಲ.”

ಹೊರಗೆ ಮಂತ್ರಿ ಇಟ್ಟಿಗೆಗಳ ಸಾಲನ್ನು ಬೆರಳಿನಿಂದ ಸವರಿ ನೋಡಿದ. ಎಲ್ಲೂ ಬಿರುಕಿಲ್ಲ, ದೊರೆ ಕ್ಷೇಮವಾಗಿದ್ದಾರೆ ಎಂದು ಊರಿಗೆಲ್ಲ ಡಂಗುರ ಸಾರಿಸಿದ.